ಉಸಿರಿನ ಸ್ನಾಯುಗಳಿಗೂ ಕಸರತ್ತು: ಸಕ್ಕರೆ ಕಾಯಿಲೆಯವರ ಪ್ರಶ್ನೆಗಳು

ಪ್ರಶ್ನೆ: ವಯಸ್ಸು 58, ಬಹಳ ವರ್ಷಗಳಿಂದ ಟೈಪ್ 2 ಡಯಾಬಿಟಿಸ್. ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಉಸಿರಿನ ಸ್ನಾಯುಗಳಿಗೆ ವ್ಯಾಯಾಮ ಬೇಕು ಎಂದಿದ್ದಾರೆ ಫಿಸಿಯೋಥೆರಪಿಸ್ಟ್. ಮನೆಯಲ್ಲಿ ಮೂರು ಚೆಂಡಿನ ಸ್ಪೈರೋಮೀಟರ್ ಇದೆ, ಅದು ಸಾಲದೇ?
– ಓದುಗರು, ತಿಪಟೂರು

ಉತ್ತರ: ಮೊದಲು ಇಸಿಜಿ, ಎಕೋ, ಹಿಮೋಗ್ಲೋಬಿನ್ ಆಗಿವೆಯೇ ನೋಡಿಕೊಳ್ಳಿ. ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ತೊಂದರೆ ಎದೆನೋವಿಲ್ಲದೆ ಬರೀ ಏದುಸಿರಾಗಿ ಕಾಣಿಸಿಕೊಳ್ಳುವುದುಂಟು. ಅದು ಅಲ್ಲವೆಂದಾದ ಮೇಲೆ ಸ್ನಾಯುಗಳ ಮಾತು. ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರೆಳೆಯುವ ವಪೆಯೂ ಒಂದು ಸ್ನಾಯುವೇ. ಸಕ್ಕರೆ ಬಹುಕಾಲ ಏರಿದ್ದರೆ ಕಾಲಿನ ನರ, ಸ್ನಾಯುಗಳ ಹಾಗೆ ಇದೂ ಸೊರಗಬಹುದು.

ಚೆಂಡಿನ ಸಾಧನ ಸಾಲದು. ಅದನ್ನು ಕೊಡುವುದು ಆಪರೇಷನ್ ಆದವರ ಶ್ವಾಸಕೋಶ ಪೂರ್ತಿ ಹಿಗ್ಗಲಿ ಎಂದು. ನಿಧಾನವಾಗಿ ಉಸಿರೆಳೆದರೆ ಅದರಲ್ಲಿ ಸ್ನಾಯುಗಳ ಮೇಲೆ ಭಾರವೇ ಬೀಳುವುದಿಲ್ಲ. ನಿಮಗೆ ಬೇಕಿರುವುದು ಸ್ಪ್ರಿಂಗ್ ಕವಾಟದ ಥ್ರೆಶೋಲ್ಡ್ ಟ್ರೈನರ್. ತಿರುಗಿಸಿಟ್ಟ ಒತ್ತಡ ಮುಟ್ಟುವ ತನಕ ಅದರ ಕವಾಟ ತೆರೆಯುವುದೇ ಇಲ್ಲ.

ಉಸಿರೆಳೆಯುವ ಗರಿಷ್ಠ ಒತ್ತಡವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಅಳೆಸಿ. ಅದು 60 ಸೆಂ.ಮೀ. ನೀರಿನ ಒತ್ತಡ ಇದ್ದರೆ, ಶೇ. 30 ಅಂದರೆ 18ಕ್ಕೆ ಇಟ್ಟು ಶುರು ಮಾಡಿ. ಬೆನ್ನು ನೆಟ್ಟಗೆ, ಪಾದ ನೆಲಕ್ಕೆ ಊರಿ ಕುಳಿತು, ಮೂಗಿಗೆ ಕ್ಲಿಪ್ ಹಾಕಿ, ತುಟಿಗಳಿಂದ ಕೊಳವೆಯನ್ನು ಬಿಗಿಯಾಗಿ ಮುಚ್ಚಿ. ಉಸಿರು ಪೂರ್ತಿ ಬಿಟ್ಟು, ಒಂದೇ ಸಲಕ್ಕೆ ರಭಸವಾಗಿ ಎಳೆಯಿರಿ. ಬಿಡುವಾಗ ಮೂರು ನಾಲ್ಕು ಸೆಕೆಂಡು ತೆಗೆದುಕೊಳ್ಳಿ. ಹತ್ತು ಉಸಿರು, ಒಂದು ನಿಮಿಷ ವಿಶ್ರಾಂತಿ, ಹೀಗೆ ಮೂರು ಸಲ, ಬೆಳಿಗ್ಗೆ, ಸಂಜೆ. ಶ್ರಮ ಹತ್ತಕ್ಕೆ ಐದಾರು ಅನ್ನಿಸಬೇಕು. ಮೂರೇ ಅನ್ನಿಸಿದ ವಾರ ಎರಡು ಸೆಂ.ಮೀ. ಏರಿಸಿ, ಕ್ರಮೇಣ ಶೇ. 50ರವರೆಗೆ ಹೋಗಬಹುದು.

ತಲೆ ಸುತ್ತಿ, ಬೆರಳ ತುದಿ, ತುಟಿ ಜುಮ್ಮೆಂದರೆ ಅವಸರದಲ್ಲಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಇಳಿದಿದೆ ಎಂದರ್ಥ. ನಿಲ್ಲಿಸಿ, ಎರಡು ಉಸಿರುಗಳ ನಡುವಿನ ಅಂತರ ಹೆಚ್ಚಿಸಿ. ಹೆಗಲು ಕಿವಿಯ ಕಡೆ ಏರುತ್ತಿದ್ದರೆ ಕತ್ತಿನ ಸ್ನಾಯುಗಳು ಕೆಲಸ ಕಸಿದುಕೊಳ್ಳುತ್ತಿವೆ. ಭಾರ ಇಳಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಅದು ಮುಂದಕ್ಕೆ ಬರುವುದನ್ನು ನೋಡಿ. ಕವಾಟದಲ್ಲಿ ಎಂಜಲು ಒಣಗಿದರೆ ಅದು ಸರಿಯಾಗಿ ಆಡುವುದಿಲ್ಲ. ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಆರಿಸಿ. ಕುದಿಸಬೇಡಿ, ಮನೆಯವರ ಜೊತೆ ಹಂಚಿಕೊಳ್ಳಬೇಡಿ.

ಪ್ರಶ್ನೆ: ಇದರಿಂದ ಶುಗರ್ ಇಳಿಯುತ್ತದೆಯೇ? ಮಾತ್ರೆ ಕಡಿಮೆ ಮಾಡಬಹುದೇ?
– ಓದುಗರು, ಹಾವೇರಿ

ಉತ್ತರ: ದಯವಿಟ್ಟು ಮಾತ್ರೆ ಮುಟ್ಟಬೇಡಿ. ಈ ತರಬೇತಿಯಿಂದ ಉಸಿರಿನ ಸ್ನಾಯುಗಳ ಬಲ ಹೆಚ್ಚುತ್ತದೆ, ಅದು ಖಚಿತ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಇಳಿಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯನ್ನು ಇದಕ್ಕಾಗಿ ಬಿಟ್ಟರೆ ನಷ್ಟ ನಿಮ್ಮದೇ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬೇಡಿ. ಬೆವರು, ನಡುಕ ಬಂದರೆ ಶುಗರ್ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷದ ಮೇಲೆ ಮತ್ತೆ ನೋಡಿ.

ಪ್ರಶ್ನೆ: ದಿನವೂ ಕಪಾಲಭಾತಿ ಮಾಡುತ್ತೇನೆ. ಕಣ್ಣಿಗೆ ಲೇಸರ್ ಆಗಿದೆ. ಈ ಸಾಧನವೂ ಬೇಕೇ?
– ಓದುಗರು, ಪುತ್ತೂರು

ಉತ್ತರ: ಕಪಾಲಭಾತಿಯಲ್ಲಿ ಬಲ ಬೀಳುವುದು ಉಸಿರು ಹೊರಹಾಕುವಾಗ, ಹೊಟ್ಟೆಯ ಸ್ನಾಯುಗಳ ಮೇಲೆ, ಒಳಗೆಳೆಯುವುದು ತಾನಾಗಿಯೇ ಆಗುತ್ತದೆ. ಟ್ರೈನರ್‌ನಲ್ಲಿ ಇದು ತಿರುವುಮುರುವು. ಆದ್ದರಿಂದ ಒಂದು ಇನ್ನೊಂದಕ್ಕೆ ಬದಲಿಯಲ್ಲ. ಆದರೆ ನಿಮ್ಮ ಕಣ್ಣಿನ ವಿಷಯ ಇದಕ್ಕಿಂತ ದೊಡ್ಡದು. ರೆಟಿನಾದಲ್ಲಿ (ಕಣ್ಣಿನ ಹಿಂಪರದೆಯಲ್ಲಿ) ಹೊಸ ರಕ್ತನಾಳಗಳು ಬೆಳೆದಿದ್ದರೆ ಮುಕ್ಕಿರಿಯುವುದು, ಉಸಿರು ಬಿಗಿಹಿಡಿಯುವುದು ರಕ್ತಸ್ರಾವಕ್ಕೆ ದಾರಿಯಾಗಬಹುದು. ಕಣ್ಣಿನ ಡಾಕ್ಟರು ಒಪ್ಪುವ ತನಕ ಕಪಾಲಭಾತಿಯನ್ನೂ ನಿಲ್ಲಿಸಿ, ಟ್ರೈನರನ್ನೂ ಕೊಳ್ಳಬೇಡಿ. ಕಿವಿ ತಮಟೆ ಒಡೆದವರಿಗೆ, ಶ್ವಾಸಕೋಶದ ಸುತ್ತ ಗಾಳಿ ತುಂಬಿದ್ದವರಿಗೆ ಈ ಸಾಧನ ಸಲ್ಲದು.