ಎಲೆಕ್ಟ್ರಿಕ್ ಕಾರಿನಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಹೋಗಬಹುದೇ? ಶಿರಾಡಿ ಘಾಟಿಯಲ್ಲೇ ಬ್ಯಾಟರಿ ಖಾಲಿಯಾಗುವುದಿಲ್ಲವೇ?

ಧಾರಾಳವಾಗಿ ಹೋಗಬಹುದು. 40 ಯೂನಿಟ್ (ಕಿಲೋವ್ಯಾಟ್-ಅವರ್) ಬ್ಯಾಟರಿಯ ಕಾರಿಗೆ ದಾರಿಯಲ್ಲಿ ಒಮ್ಮೆ ಫಾಸ್ಟ್ ಚಾರ್ಜಿಂಗ್ ಸಾಕು.

ಘಾಟಿಯ ಭಯ ಲೆಕ್ಕ ಹಾಕಿದರೆ ಕಡಿಮೆಯಾಗುತ್ತದೆ. ಜನ, ಲಗೇಜು ಸೇರಿ 1,700 ಕಿಲೋ ತೂಗುವ ಕಾರನ್ನು ಸುಮಾರು 900 ಮೀಟರ್ ಮೇಲಕ್ಕೆ ಎತ್ತಲು ಬೇಕಾಗುವುದು 4 ಯೂನಿಟ್ ಚಿಲ್ಲರೆ. ಮೋಟರಿನ ನಷ್ಟ ಸೇರಿಸಿ 5 ಅಂದುಕೊಳ್ಳಿ. ಬ್ಯಾಟರಿಯನ್ನು ನಿಜವಾಗಿ ತಿನ್ನುವುದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ಕ್ಕೂ 110ಕ್ಕೂ ಬಹಳ ವ್ಯತ್ಯಾಸವಿದೆ.

ಮಂಗಳೂರಿನಿಂದ ಹಾಸನ ಸುಮಾರು 170 ಕಿ.ಮೀ. 100 ಕಿ.ಮೀ.ಗೆ 15 ಯೂನಿಟ್‌ನಂತೆ 25, ಘಾಟಿಗೆ 5. ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ಹೊರಟರೆ ಹಾಸನದಲ್ಲಿ ಶೇ. 25 ಉಳಿದಿರುತ್ತದೆ. ಅಲ್ಲಿ 50 ಕಿಲೋವ್ಯಾಟ್ ಚಾರ್ಜರಿನಲ್ಲಿ ಶೇ. 90ರವರೆಗೆ ತುಂಬಿಸಲು ಸುಮಾರು ಒಂದು ಗಂಟೆ, ಊಟದ ಹೊತ್ತು. ಶೇ. 80 ದಾಟಿದ ಮೇಲೆ ಚಾರ್ಜಿಂಗ್ ನಿಧಾನವಾಗುತ್ತದೆ, ಪೂರ್ತಿ ತುಂಬಲು ಕಾಯಬೇಡಿ.

ತೊಂದರೆ ಬರುವುದು ಚಾರ್ಜರ್ ಕೆಟ್ಟಿದ್ದರೆ ಅಥವಾ ಮುಂದೆ ಸಾಲಿದ್ದರೆ. ಹಾಗಾಗಿ ಘಾಟಿಯ ಬುಡದ ಗುಂಡ್ಯ ದಾಟುವ ಮೊದಲೇ ಆ್ಯಪ್‌ನಲ್ಲಿ ನೋಡಿ, ಸಕಲೇಶಪುರ-ಹಾಸನದ ನಡುವೆ ಇನ್ನೊಂದು ಚಾರ್ಜರ್ ಗುರುತಿಟ್ಟುಕೊಳ್ಳಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆಗುವುದುಂಟು, ಬಿ.ಸಿ.ರೋಡಿಗೆ ಮುಂಚೆಯೇ ವಿಚಾರಿಸಿದರೆ ಚಾರ್ಮಾಡಿ ಘಾಟಿಯ ದಾರಿಗೆ ತಿರುಗಬಹುದು.

ವಾಪಸು ಬರುವಾಗ ಮಾತ್ರ ಸಕಲೇಶಪುರದಲ್ಲಿ ಶೇ. 100 ಮಾಡಬೇಡಿ. ಇಳಿಜಾರಿನಲ್ಲಿ ಮೋಟರೇ ವಿದ್ಯುತ್ ಉತ್ಪಾದಿಸಿ ಕಾರನ್ನು ತಡೆಯುತ್ತದೆ. ಬ್ಯಾಟರಿಯಲ್ಲಿ ಜಾಗವಿಲ್ಲದಿದ್ದರೆ ಆ ತಡೆ ಸಿಗದೆ ಬ್ರೇಕ್ ಪ್ಯಾಡುಗಳೇ ಬಿಸಿಯಾಗುತ್ತವೆ.