ಓದುಗರ ಪ್ರಶ್ನೆ, ನಮ್ಮ ಉತ್ತರ: ಒಳಚರಂಡಿಯಲ್ಲಿ ವೈರಾಣುವಿನ ಜಾಡು

ನಗರಗಳ ಕೊಳಚೆ ನೀರನ್ನು ಪರೀಕ್ಷಿಸಿ, ಅದರಲ್ಲಿರುವ ವೈರಾಣುಗಳ ಜೀನೋಮ್ ಸೀಕ್ವೆನ್ಸಿಂಗ್ ಮಾಡಿ, ಅಂದರೆ ಅವುಗಳ ಆನುವಂಶಿಕ ಬರಹವನ್ನು ಅಕ್ಷರ ಅಕ್ಷರವಾಗಿ ಓದಿ, ರೋಗಗಳ ಮೇಲೆ ಕಣ್ಣಿಡುವ ಪದ್ಧತಿಯ ಬಗ್ಗೆ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ‘ಕೊಳಚೆ ನೀರಿನಲ್ಲಿ ಕೊರೊನಾ ವೈರಾಣು ಪತ್ತೆ’ ಎಂಬ ಸುದ್ದಿ ಓದಿದಾಗ ಭಯವಾಗುತ್ತದೆ. ಆ ನೀರಿನಿಂದಲೇ ರೋಗ ಹರಡುತ್ತದೆಯೇ?

ಉತ್ತರ: ಆ ಸುದ್ದಿಯನ್ನು ಹಾಗೆ ಓದಬೇಕಿಲ್ಲ. ಇಂಥ ಪರೀಕ್ಷೆಗಳು ಸಾಮಾನ್ಯವಾಗಿ ಹುಡುಕುವುದು ಸೋಂಕು ತಗಲಿಸಬಲ್ಲ ವೈರಾಣುವನ್ನಲ್ಲ, ಸೋಂಕಿತರ ಮಲದ ಮೂಲಕ ಹೊರಬಂದ ಅದರ ಆರ್‌ಎನ್‌ಎ (ಆನುವಂಶಿಕ ವಸ್ತು) ತುಣುಕುಗಳನ್ನು. ಕೊರೊನಾ ವೈರಾಣುವಿನ ಹೊರಪೊರೆ ಕೊಬ್ಬಿನಿಂದಾದದ್ದು. ಕೊಳಚೆ ನೀರಿನಲ್ಲಿ ಅದು ಬೇಗ ಹಾಳಾಗುತ್ತದೆ, ಆದರೆ ಒಳಗಿನ ಆರ್‌ಎನ್‌ಎ ಚೂರುಗಳು ಪತ್ತೆಗೆ ಸಿಗುವಷ್ಟು ಕಾಲ ಉಳಿಯುತ್ತವೆ. ನೊರೊವೈರಸ್, ಪೋಲಿಯೊ, ಹೆಪಟೈಟಿಸ್-ಎ ವೈರಾಣುಗಳ ಮಾತು ಬೇರೆ. ಅಂಥ ಪೊರೆ ಇಲ್ಲದ ಇವು ನೀರಿನಲ್ಲಿ ಗಟ್ಟಿಯಾಗಿ ಉಳಿದು ಸೋಂಕನ್ನೂ ಹರಡಬಲ್ಲವು. ಕೊಳಚೆ ನೀರು ಕುಡಿಯುವ ನೀರಿಗೆ ಬೆರೆಯದಂತೆ ನೋಡಿಕೊಳ್ಳುವುದು ಯಾವ ಪರೀಕ್ಷೆಯೂ ಇಲ್ಲದಿದ್ದಾಗಲೂ ಮಾಡಬೇಕಾದ ಕೆಲಸ.

ಪ್ರಶ್ನೆ: ಲಕ್ಷಾಂತರ ಜನರ ವೈರಾಣುಗಳು ಒಂದೇ ನೀರಿನಲ್ಲಿ ಬೆರೆತಿರುವಾಗ ಯಾವ ತಳಿ ಎಷ್ಟಿದೆ ಎಂದು ಹೇಗೆ ಹೇಳುತ್ತಾರೆ? ಇದು ಬರೀ ಊಹೆಯಲ್ಲವೇ?

ಉತ್ತರ: ಇಡೀ ವಿಧಾನದ ತಿರುಳು ಈ ಪ್ರಶ್ನೆಯಲ್ಲೇ ಇರುವುದರಿಂದ ವಿವರವಾಗಿ ಹೇಳಬೇಕಾಗುತ್ತದೆ. ಸಂಸ್ಕರಣಾ ಘಟಕಕ್ಕೆ ನೀರು ಬಂದು ಸೇರುವ ಜಾಗದಲ್ಲಿ ಒಂದು ಸ್ವಯಂಚಾಲಿತ ಯಂತ್ರವು 24 ಗಂಟೆಗಳ ಕಾಲ ನಿಗದಿತ ಅಂತರದಲ್ಲಿ ಸ್ವಲ್ಪಸ್ವಲ್ಪವೇ ನೀರನ್ನು ಸೆಳೆದು ಒಂದೇ ಪಾತ್ರೆಗೆ ತುಂಬಿಸುತ್ತದೆ. ಬೆಳಗಿನ ಹರಿವಿಗೂ ನಡುರಾತ್ರಿಯ ಹರಿವಿಗೂ ಅಜಗಜಾಂತರವಿರುವುದರಿಂದ ಒಮ್ಮೆ ಮೊಗೆದ ನೀರನ್ನು ನೆಚ್ಚುವಂತಿಲ್ಲ. ಆ ಮಾದರಿಯನ್ನು ತಂಪಾಗಿಟ್ಟು ಪ್ರಯೋಗಾಲಯಕ್ಕೆ ಸಾಗಿಸಿ, ವೈರಾಣು ಕಣಗಳನ್ನು ಸಾಂದ್ರಗೊಳಿಸಿ, ಆರ್‌ಎನ್‌ಎ ಬೇರ್ಪಡಿಸಿ, ಅದನ್ನು ಡಿಎನ್‌ಎ ರೂಪಕ್ಕೆ ತಂದು, ಪಿಸಿಆರ್ ಮೂಲಕ ಅದರ ಪ್ರತಿಗಳನ್ನು ಹೆಚ್ಚಿಸಿ, ಕೊನೆಗೆ ಸೀಕ್ವೆನ್ಸಿಂಗ್ ಯಂತ್ರಕ್ಕೆ ಕೊಡುತ್ತಾರೆ.

ಕೊರೊನಾ ವೈರಾಣುವಿನ ಜೀನೋಮ್ ಸುಮಾರು 30,000 ಅಕ್ಷರಗಳಷ್ಟು ಉದ್ದವಿದೆ. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಅದನ್ನು ಸುಮಾರು 400 ಅಕ್ಷರಗಳ, ಒಂದರ ಮೇಲೊಂದು ಸ್ವಲ್ಪ ಹಾಯುವ ತುಣುಕುಗಳಾಗಿ ಓದಲಾಗುತ್ತದೆ. ರೋಗಿಯೊಬ್ಬರ ಮೂಗಿನಿಂದ ತೆಗೆದ ಮಾದರಿಯಲ್ಲಿ ಸಾಮಾನ್ಯವಾಗಿ ಒಂದೇ ತಳಿ ಇರುವುದರಿಂದ ಈ ತುಣುಕುಗಳನ್ನು ಜೋಡಿಸಿ ಪೂರ್ಣ ಜೀನೋಮ್ ಬರೆಯಬಹುದು. ಕೊಳಚೆ ನೀರಿನಲ್ಲಿ ಹಾಗೆ ಜೋಡಿಸಹೊರಟರೆ ಯಾರ ದೇಹದಲ್ಲೂ ಇಲ್ಲದ ಒಂದು ವೈರಾಣು ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ, ಏಕೆಂದರೆ ಅಕ್ಕಪಕ್ಕದ ಎರಡು ತುಣುಕುಗಳು ಬೇರೆ ಬೇರೆ ಸೋಂಕಿತರಿಂದ ಬಂದಿರಬಹುದು. ಆದ್ದರಿಂದ ಜೋಡಿಸುವ ಬದಲು, ಪ್ರತಿಯೊಂದು ಸ್ಥಾನದಲ್ಲಿ ಯಾವ ಬದಲಾವಣೆ ಶೇಕಡಾ ಎಷ್ಟು ತುಣುಕುಗಳಲ್ಲಿ ಕಾಣುತ್ತದೆ ಎಂದು ಎಣಿಸಲಾಗುತ್ತದೆ.

ಒಂದು ಕಲ್ಪಿತ ಮಾದರಿಯನ್ನು ನೋಡೋಣ. ಕೊರೊನಾದ ಡೆಲ್ಟಾ ತಳಿ ಹಿಂದೆ ಸರಿದು ಒಮೈಕ್ರಾನ್ ತಳಿ ಏರುತ್ತಿದ್ದ ಹೊತ್ತಿನ ನೀರು ಎಂದುಕೊಳ್ಳಿ. ವೈರಾಣುವಿನ ಮೇಲ್ಮೈಯಲ್ಲಿರುವ ಮುಳ್ಳಿನಂಥ ಸ್ಪೈಕ್ ಪ್ರೋಟೀನಿನ 681ನೇ ಸ್ಥಾನದಲ್ಲಿ ಡೆಲ್ಟಾದ ಗುರುತಾದ ಬದಲಾವಣೆ ಶೇ 40ರಷ್ಟು ತುಣುಕುಗಳಲ್ಲಿದೆ. 501ನೇ ಸ್ಥಾನದ ಬದಲಾವಣೆ ಶೇ 60ರಷ್ಟರಲ್ಲಿದೆ. 69 ಮತ್ತು 70ನೇ ಸ್ಥಾನಗಳು ಅಳಿಸಿಹೋಗಿರುವ ತುಣುಕುಗಳು ಶೇ 20ರಷ್ಟಿವೆ. 501ರ ಬದಲಾವಣೆಯೊಂದನ್ನೇ ಹಿಡಿದು ಏನನ್ನೂ ಹೇಳಲಾಗದು, ಏಕೆಂದರೆ ಅದು ಆಲ್ಫಾ, ಬೀಟಾ, ಗಾಮಾ, ಒಮೈಕ್ರಾನ್ ನಾಲ್ಕರಲ್ಲೂ ಇದೆ. ಆದರೆ ಡೆಲ್ಟಾದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಉಳಿದ ಮೂರು ತಳಿಗಳು ಆ ಹೊತ್ತಿಗೆ ಬಹುಮಟ್ಟಿಗೆ ಕಣ್ಮರೆಯಾಗಿದ್ದವು; ಹೀಗಾಗಿ ಶೇ 60 ಒಮೈಕ್ರಾನ್‌ನ ಪಾಲು ಎನ್ನಬಹುದು. ಇನ್ನು 69–70ರ ಅಳಿಸುವಿಕೆ ಒಮೈಕ್ರಾನ್‌ನ ಬಿಎ.1 ಉಪತಳಿಯಲ್ಲಿದೆ, ಬಿಎ.2ರಲ್ಲಿ ಇಲ್ಲ. ಅಲ್ಲಿಗೆ ಲೆಕ್ಕ ಬಿಡಿಸಿದಂತಾಯಿತು: ಡೆಲ್ಟಾ ಶೇ 40, ಬಿಎ.1 ಶೇ 20, ಬಿಎ.2 ಶೇ 40. ಗಮನಿಸಿ, ಪ್ರೋಟೀನಿನ ಒಂದೊಂದು ಸ್ಥಾನಕ್ಕೂ ಜೀನೋಮ್‌ನ ಮೂರು ಅಕ್ಷರಗಳು ಬೇಕು; 501 ಮತ್ತು 681ನೇ ಸ್ಥಾನಗಳ ನಡುವೆ 540 ಅಕ್ಷರಗಳ ಅಂತರವಿರುವುದರಿಂದ 400 ಅಕ್ಷರಗಳ ಒಂದೇ ತುಣುಕಿನಲ್ಲಿ ಎರಡನ್ನೂ ಕಾಣಲು ಸಾಧ್ಯವೇ ಇಲ್ಲ. ಲೆಕ್ಕದ ಮೂಲಕವಲ್ಲದೆ ಬೇರೆ ದಾರಿಯಿಲ್ಲ.

ವಾಸ್ತವದಲ್ಲಿ ನೂರಾರು ಸ್ಥಾನಗಳನ್ನು ಒಟ್ಟಿಗೆ ನೋಡಬೇಕಾಗುವುದರಿಂದ ಈ ಕೆಲಸಕ್ಕೆ ತಂತ್ರಾಂಶಗಳಿವೆ. ಅವುಗಳಲ್ಲಿ ಒಂದಾದ ‘ಫ್ರೇಯಾ’ವನ್ನು ಬಳಸಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆಸಿದ ಅಧ್ಯಯನವು 2022ರಲ್ಲಿ ಪ್ರಕಟವಾಯಿತು, ಕೆಲವು ಆತಂಕಕಾರಿ ತಳಿಗಳು ರೋಗಿಗಳ ಮಾದರಿಗಳಲ್ಲಿ ಕಾಣಿಸುವುದಕ್ಕಿಂತ 14 ದಿನಗಳವರೆಗೆ ಮೊದಲೇ ಕೊಳಚೆ ನೀರಿನಲ್ಲಿ ಕಂಡಿದ್ದವು. ಆದ್ದರಿಂದ ಇದು ಬರೀ ಊಹೆಯಲ್ಲ. ಆದರೂ ಎರಡು ಎಚ್ಚರಿಕೆಗಳು ಬೇಕು. ಒಂದು ಸ್ಥಾನವನ್ನು ಹತ್ತೇ ತುಣುಕುಗಳಲ್ಲಿ ಓದಿ ‘ಶೇ 30’ ಎಂದರೆ ಅದಕ್ಕೆ ಹೆಚ್ಚು ಬೆಲೆಯಿಲ್ಲ; ಎಷ್ಟು ಆಳವಾಗಿ ಓದಲಾಗಿದೆ ಎಂದು ಹೇಳದ ವರದಿಯನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ಎರಡನೆಯದು, ತಂತ್ರಾಂಶವು ತಳಿಗಳನ್ನು ಗುರುತಿಸುವುದು ಈಗಾಗಲೇ ಸಿದ್ಧವಿರುವ ಪಟ್ಟಿಯ ಸಹಾಯದಿಂದ, ಮತ್ತು ಆ ಪಟ್ಟಿ ಬೆಳೆಯುವುದು ಮುಖ್ಯವಾಗಿ ರೋಗಿಗಳ ಮಾದರಿಗಳ ಪೂರ್ಣ ಜೀನೋಮ್‌ಗಳಿಂದ. ಕೊಳಚೆ ನೀರಿನ ಪರೀಕ್ಷೆಯೊಂದಿದ್ದರೆ ಆಸ್ಪತ್ರೆಗಳಲ್ಲಿ ಸೀಕ್ವೆನ್ಸಿಂಗ್ ಬೇಕಿಲ್ಲ ಎನ್ನುವವರು ತಾವು ಕುಳಿತ ಕೊಂಬೆಯನ್ನೇ ಕಡಿಯಲು ಹೊರಟಿದ್ದಾರೆ.

ಪ್ರಶ್ನೆ: ಹಾಗಾದರೆ ಎಷ್ಟು ಜನರಿಗೆ ಸೋಂಕಿದೆ ಎಂಬುದನ್ನೂ ನೀರಿನಿಂದಲೇ ತಿಳಿಯಬಹುದೇ?

ಉತ್ತರ: ತಲೆ ಎಣಿಸಿ ಹೇಳಲಾಗದು. ಸೋಂಕಿತರೆಲ್ಲರೂ ಮಲದಲ್ಲಿ ವೈರಾಣುವನ್ನು ಹೊರಹಾಕುವುದಿಲ್ಲ. ಹಾಕುವವರಲ್ಲಿಯೂ ಪ್ರಮಾಣ ಒಬ್ಬರಿಂದೊಬ್ಬರಿಗೆ ಸಾವಿರಾರು ಪಟ್ಟು ಬೇರೆಯಾಗಬಹುದು, ಮತ್ತು ಚೇತರಿಸಿಕೊಂಡ ಬಳಿಕವೂ ಕೆಲವರಲ್ಲಿ ಇದು ವಾರಗಟ್ಟಲೆ ಮುಂದುವರಿಯುತ್ತದೆ. ಮಳೆನೀರು ಸೇರಿದರೆ ಎಲ್ಲವೂ ತೆಳುವಾಗುತ್ತದೆ. ಈ ಕೊನೆಯ ತೊಡಕಿಗೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಸೊಗಸಾಗಿದೆ. ಮೆಣಸಿನ ಗಿಡಗಳಿಗೆ ತಗಲುವ, ಮನುಷ್ಯರಿಗೆ ಯಾವ ತೊಂದರೆಯನ್ನೂ ಕೊಡದ ಒಂದು ಸಸ್ಯ ವೈರಾಣು ಆಹಾರದ ಮೂಲಕ ನಮ್ಮ ಕರುಳನ್ನು ಹಾದು ಹೇರಳವಾಗಿ ಮಲದಲ್ಲಿ ಹೊರಬರುತ್ತದೆ. ಮಾದರಿಯಲ್ಲಿ ಅದು ಎಷ್ಟಿದೆ ಎಂದು ಅಳೆದರೆ ನೀರಿನಲ್ಲಿ ಮನುಷ್ಯರ ಮಲದ ಪಾಲು ಅಂದಾಜಾಗಿ ತಿಳಿಯುತ್ತದೆ. ರೋಗದ ವೈರಾಣುವಿನ ಪ್ರಮಾಣವನ್ನು ಅದರಿಂದ ಭಾಗಿಸಿದರೆ ಮಳೆಯ ದಿನವನ್ನೂ ಒಣ ದಿನವನ್ನೂ ಹೋಲಿಸಬಹುದು. ಇಷ್ಟಾದ ಮೇಲೂ ನಂಬಬೇಕಾದದ್ದು ಒಂದೇ ಜಾಗದ ಏರಿಳಿತವನ್ನೇ ಹೊರತು ಎರಡು ನಗರಗಳ ನಡುವಿನ ಹೋಲಿಕೆಯನ್ನಲ್ಲ.

ಪ್ರಶ್ನೆ: ಇದು ಕೋವಿಡ್ ಕಾಲದಲ್ಲಿ ಹುಟ್ಟಿದ ವಿದ್ಯೆಯೇ?

ಉತ್ತರ: ಅಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಪಾಲ್ ಮತ್ತು ಜೇಮ್ಸ್ ಟ್ರಾಸ್ಕ್ 1930ರ ದಶಕದ ಕೊನೆಯಲ್ಲೇ ಕೊಳಚೆ ನೀರಿನಲ್ಲಿ ಪೋಲಿಯೊ ವೈರಾಣುವನ್ನು ಗುರುತಿಸಿದ್ದರು. ಆಗ ಅದಕ್ಕಿದ್ದ ದಾರಿ ಆ ನೀರಿನಿಂದ ಸಿದ್ಧಪಡಿಸಿದ ದ್ರವವನ್ನು ಕೋತಿಗಳಿಗೆ ಚುಚ್ಚಿ ನೋಡುವುದು. ಪೋಲಿಯೊ ಸೋಂಕಿನಲ್ಲಿ ಪಾರ್ಶ್ವವಾಯುವಿಗೆ ತುತ್ತಾಗುವವರು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಇರುವುದರಿಂದ, ರೋಗಿಗಾಗಿ ಕಾದು ಕುಳಿತರೆ ವೈರಾಣು ಅಷ್ಟರಲ್ಲಿ ಊರೆಲ್ಲ ಸುತ್ತಿರುತ್ತದೆ. 2013ರಲ್ಲಿ ದಕ್ಷಿಣ ಇಸ್ರೇಲಿನ ರಹಾತ್ ಪಟ್ಟಣದ ಕೊಳಚೆ ನೀರಿನಲ್ಲಿ ಪೋಲಿಯೊ ವೈರಾಣು ಸಿಕ್ಕಾಗ ಒಬ್ಬ ರೋಗಿಯೂ ಇರಲಿಲ್ಲ. ಮಕ್ಕಳಿಗೆ ಬಾಯಿಯ ಹನಿ ಹಾಕುವ ಅಭಿಯಾನ ಆ ಸುಳಿವಿನ ಮೇಲೆಯೇ ನಡೆಯಿತು.

ಸೀಕ್ವೆನ್ಸಿಂಗ್‌ನ ನಿಜವಾದ ಬೆಲೆ 2022ರ ಲಂಡನ್ ಪ್ರಕರಣದಲ್ಲಿ ಕಾಣುತ್ತದೆ. ಬೆಕ್ಟನ್ ಸಂಸ್ಕರಣಾ ಘಟಕದ ನೀರಿನಲ್ಲಿ ಎರಡನೇ ವಿಧದ ಪೋಲಿಯೊ ವೈರಾಣು ಮತ್ತೆ ಮತ್ತೆ ಸಿಕ್ಕಿತು. ಬಾಯಿಯ ಹನಿ ಪಡೆದ ಮಕ್ಕಳು ದುರ್ಬಲಗೊಳಿಸಿದ ಲಸಿಕೆಯ ವೈರಾಣುವನ್ನು ಕೆಲವು ವಾರ ಹೊರಹಾಕುವುದು ಸಹಜವೇ ಆಗಿರುವುದರಿಂದ, ಸಿಕ್ಕಿತು ಎಂಬುದಷ್ಟೇ ದೊಡ್ಡ ವಿಷಯವಲ್ಲ. ಅದರ ಹೊರಕವಚದ ವಿಪಿ1 ಎಂಬ ಭಾಗದ ಸುಮಾರು 900 ಅಕ್ಷರಗಳಲ್ಲಿ ಎಷ್ಟು ಬದಲಾಗಿವೆ ಎಂಬುದು ಮುಖ್ಯ. ಈ ಭಾಗ ವರ್ಷಕ್ಕೆ ಸುಮಾರು ಶೇ 1ರಷ್ಟು ಬದಲಾಗುವುದರಿಂದ ಅದು ಕಾಲವನ್ನೂ ತಿಳಿಸುತ್ತದೆ; ಎರಡನೇ ವಿಧದಲ್ಲಿ 6 ಅಥವಾ ಅದಕ್ಕಿಂತ ಹೆಚ್ಚು ಅಕ್ಷರಗಳು ಬದಲಾಗಿದ್ದರೆ ಅದನ್ನು ಲಸಿಕೆಯಿಂದ ಹುಟ್ಟಿ ಜನರ ನಡುವೆ ಹರಡುತ್ತಿರಬಹುದಾದ ವೈರಾಣು ಎಂದು ಪರಿಗಣಿಸಲಾಗುತ್ತದೆ. ಲಂಡನ್ನಿನಲ್ಲಿ ಈ ಗೆರೆ ದಾಟಿದ ವೈರಾಣುಗಳು ಕಂಡ ಬಳಿಕವೇ 1ರಿಂದ 9 ವರ್ಷದ ಮಕ್ಕಳಿಗೆ ಹೆಚ್ಚುವರಿ ಲಸಿಕೆ ಹಾಕಲಾಯಿತು. ಪಿಸಿಆರ್ ಪರೀಕ್ಷೆಯ ‘ಇದೆ’ ಅಥವಾ ‘ಇಲ್ಲ’ ಎಂಬ ಉತ್ತರದಿಂದ ಈ ನಿರ್ಧಾರ ಸಾಧ್ಯವಾಗುತ್ತಿರಲಿಲ್ಲ.

ಪ್ರಶ್ನೆ: ನಾಳೆ ನಮ್ಮ ಮನೆಯ ಪೈಪಿನವರೆಗೂ ಬಂದು ನಮ್ಮ ಕಾಯಿಲೆ ಕಂಡುಹಿಡಿಯುತ್ತಾರೆಯೇ?

ಉತ್ತರ: ದೊಡ್ಡ ಘಟಕದ ಮಾದರಿಯಲ್ಲಿ ಲಕ್ಷಾಂತರ ಜನರು ಬೆರೆತಿರುವುದರಿಂದ ವ್ಯಕ್ತಿಯ ಗುರುತು ಸಿಗುವುದಿಲ್ಲ. ಆದರೆ ಕೊಳವೆಗಳ ಜಾಲದಲ್ಲಿ ಮೇಲಕ್ಕೆ ಹೋದಷ್ಟೂ ಜನ ಕಡಿಮೆಯಾಗುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ರೋಗಿಗಳಲ್ಲಿ ಎಲ್ಲೂ ಕಾಣದ, ವಿಪರೀತ ಬದಲಾವಣೆಗಳಿದ್ದ ಕೊರೊನಾ ತಳಿಯೊಂದು 2022ರಲ್ಲಿ ಸಿಕ್ಕಿತು. ಸಂಶೋಧಕರು ಉಪಕೊಳವೆಗಳಲ್ಲಿ, ಆಮೇಲೆ ಮ್ಯಾನ್‌ಹೋಲ್‌ಗಳಲ್ಲಿ ಮಾದರಿ ತೆಗೆಯುತ್ತ ಹೋಗಿ, ಸುಮಾರು 30 ಜನ ಕೆಲಸ ಮಾಡುವ ಒಂದೇ ಕಟ್ಟಡಕ್ಕೆ ಬಂದು ತಲುಪಿದರು. ಒಬ್ಬರ ಕರುಳಿನಲ್ಲಿ ದೀರ್ಘಕಾಲ ಉಳಿದ ಸೋಂಕಿನಿಂದ ಅದು ಬಂದಿರಬೇಕೆಂದು ಅವರು ತರ್ಕಿಸಿದರು. ಪರೀಕ್ಷೆಗೆ ಒಪ್ಪಿದವರ ಮೂಗಿನ ಮಾದರಿಗಳಲ್ಲಿ ಸೋಂಕು ಕಾಣಲಿಲ್ಲ, ಆ ವ್ಯಕ್ತಿಯ ಗುರುತೂ ಸಿಗಲಿಲ್ಲ. ವಿಜ್ಞಾನದ ದೃಷ್ಟಿಯಿಂದ ಇದು ಅಪರೂಪದ ಅವಕಾಶ, ಆದರೆ ನಿಮ್ಮ ಅಳುಕು ಆಧಾರವಿಲ್ಲದ್ದಲ್ಲ ಎಂಬುದಕ್ಕೂ ಇದೇ ಸಾಕ್ಷಿ. ಎಷ್ಟು ಜನಸಂಖ್ಯೆಗಿಂತ ಕೆಳಗಿನ ಮಾದರಿಯ ಫಲಿತಾಂಶವನ್ನು ಬಹಿರಂಗಪಡಿಸಬಾರದು, ವೈರಾಣುವಿನ ಜೊತೆಗೆ ಓದಿಗೆ ಬರುವ ಮಾನವ ಡಿಎನ್‌ಎ ಮಾಹಿತಿಯನ್ನು ಯಾವಾಗ ಅಳಿಸಬೇಕು ಎಂಬ ನಿಯಮಗಳು ಮಾದರಿ ತೆಗೆಯುವ ಮುನ್ನವೇ ಬರಹದಲ್ಲಿರಬೇಕು.

ಪ್ರಶ್ನೆ: ಚರಂಡಿಯಲ್ಲಿ ಸಿಕ್ಕಿದ್ದೆಲ್ಲ ಮನುಷ್ಯರದ್ದೇ ಎಂದು ಹೇಗೆ ಹೇಳುವುದು?

ಉತ್ತರ: ಯಾವಾಗಲೂ ಹೇಳಲಾಗದು. 2024ರಲ್ಲಿ ಅಮೆರಿಕದ ಹಸುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಹರಡಿದಾಗ ಟೆಕ್ಸಸ್ ರಾಜ್ಯದ ಕೆಲವು ಘಟಕಗಳ ಕೊಳಚೆ ನೀರಿನಲ್ಲಿ ಎಚ್5 ವೈರಾಣುವಿನ ಗುರುತು ಕಂಡಿತು. ಆ ಘಟಕಗಳಿಗೆ ಡೇರಿ ಉದ್ಯಮದ ತ್ಯಾಜ್ಯವೂ ಸೇರುತ್ತಿದ್ದರಿಂದ, ಸೋಂಕಿತ ಹಸುಗಳ ಹಾಲೇ ಅದರ ಮೂಲವಾಗಿರಬಹುದು ಎಂದು ಸಂಶೋಧಕರು ಭಾವಿಸಿದರು. ಇಂಥಲ್ಲಿ ಸೀಕ್ವೆನ್ಸಿಂಗ್ ಮಾಡಿದರೆ ಅದು ಹಸುಗಳ ನಡುವೆ ಹರಡುತ್ತಿರುವ ತಳಿಯೇ ಎಂದು ತಾಳೆ ನೋಡಬಹುದು. ಆ ವೈರಾಣು ಹಾಲಿನ ತ್ಯಾಜ್ಯದಿಂದ ನೇರವಾಗಿ ಬಂತೋ, ಹಸುವಿನಿಂದ ಸೋಂಕು ತಗಲಿದ ಕೆಲಸಗಾರರಿಂದ ಬಂತೋ ಎಂದು ತಿಳಿಯಲು ಯಾವ ಕೊಳವೆಗೆ ಏನು ಸೇರುತ್ತದೆ ಎಂಬ ನಕ್ಷೆಯನ್ನೇ ಬಿಡಿಸಿ ನೋಡಬೇಕು.