ಕೊರೋನಾ ಮುಗೀತಲ್ಲ, ನನಗ್ಯಾಕೆ ಇನ್ನೂ ಎದೆ ಡವಡವ ಅನ್ನುತ್ತೆ?

ಸಿಸ್ಟರ್, ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಉಳಿದ ಓದುಗರಿಗೆ ಗೊತ್ತಾಗ್ಲಿ ಅಂತ ನಿಮ್ಮ ಪತ್ರ ಚಿಕ್ಕದಾಗಿ ಹೇಳ್ಬಿಡ್ತೀನಿ: ಕೋವಿಡ್ ಐಸಿಯುನಲ್ಲಿ ಡ್ಯೂಟಿ ಮಾಡಿದೋರು ನೀವು, ಆಗ ಗಟ್ಟಿಯಾಗೇ ಇದ್ರಿ, ಈಗ ಎಲ್ಲಾ ತಣ್ಣಗಾದ್ಮೇಲೆ ಮಾನಿಟರ್ ಅಲಾರಂ ಹೊಡ್ಕೊಂಡ್ರೆ ಕೈ ನಡುಗುತ್ತೆ, ಮನೇಲಿ ಯಾರಾದ್ರೂ ಕೆಮ್ಮಿದ್ರೆ ರಾತ್ರಿ ನಿದ್ದೆ ಇಲ್ಲ. ಆಸ್ಪತ್ರೆಯವರು ಅರ್ಧ ಗಂಟೆ ಉಸಿರಾಟದ ಕ್ಲಾಸ್ ಮಾಡಿ ಕಳ್ಸಿದ್ರು, ಮನೆಯವರು ‘ಎಲ್ಲಾ ಮುಗೀತಲ್ಲ’ ಅಂತಾರೆ. ನಾನೇ ವೀಕಾ ಅಂತ ಕೇಳಿದೀರಿ.

ಅಲ್ಲ ಸಿಸ್ಟರ್. ಪತ್ರದಲ್ಲಿ ನಂಗೆ ತುಂಬಾ ನಾಟಿದ್ದು ಆ ಪಿಪಿಇ, ಅಂದ್ರೆ ಸೋಂಕು ತಗುಲದ ಹಾಗೆ ಹಾಕೋ ರಕ್ಷಣೆ ಉಡುಪು, ಬಿಚ್ಚಿದ ವಿಷ್ಯ. ಬೆರಳು ಒಂದ್ಸಲ ಕೆನ್ನೆಗೆ ತಾಗಿತು ಅಂತ 14 ದಿನ ಬೆಳಿಗ್ಗೆ ಸಂಜೆ ಟೆಂಪರೇಚರ್ ನೋಡ್ಕೊಂಡ್ರಿ, ಮಗೂನ ಎತ್ಕೊಳ್ಳಲೇ ಇಲ್ಲ. ಮೊದಲು ಗ್ಲೌಸ್ ಬಿಚ್ಚು, ಆಮೇಲೆ ಗೌನ್, ಗಾಗಲ್ಸ್, ಕೊನೇಲಿ ಮಾಸ್ಕ್, ನಡುನಡುವೆ ಕೈಗೆ ಸ್ಯಾನಿಟೈಸರ್, ಇದನ್ನ ತಿಂಗಳುಗಟ್ಟಲೆ ಮಾಡಿದ ದೇಹ ಹುಷಾರು ಹುಷಾರು ಅನ್ನೋದನ್ನೇ ಕಲ್ತಿರುತ್ತೆ, 2023ರ ಮೇ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗೀತು ಅಂದ ಮಾತ್ರಕ್ಕೆ ಅದು ಮರೆತುಬಿಡಲ್ಲ. ಆ ಭಯ ಸುಳ್ಳೂ ಆಗಿರ್ಲಿಲ್ಲ. 2020ರ ಜನವರಿಯಿಂದ 2021ರ ಮೇ ತನಕ 80,000ದಿಂದ 1,80,000 ಆರೋಗ್ಯ ಸಿಬ್ಬಂದಿ ಕೋವಿಡ್‌ಗೆ ಬಲಿಯಾಗಿರಬಹುದು ಅಂತ ಅದೇ ಸಂಸ್ಥೆ ಅಂದಾಜು ಮಾಡಿದೆ.

‘ಮುಗೀತಲ್ಲ’ ಅನ್ನೋರಿಗೆ ಕೆನಡಾದ ಟೊರಾಂಟೊ ಕಥೆ ಹೇಳಿ. 2003ರಲ್ಲಿ ಅಲ್ಲಿ ಸಾರ್ಸ್ ಅಂತ ಕೋವಿಡ್ ಥರದ್ದೇ ಒಂದು ಉಸಿರಾಟದ ಸೋಂಕು ಬಂದಿತ್ತು, ಒಂದೆರಡು ವರ್ಷ ಆದ್ಮೇಲೂ ಆ ಆಸ್ಪತ್ರೆಗಳ ಸಿಬ್ಬಂದೀಲಿ ಬಳಲಿಕೆ, ಮನಸ್ಸಿನ ಸಂಕಟ, ಸಾರ್ಸ್ ಪೇಶೆಂಟೇ ಬರದ ಆಸ್ಪತ್ರೆಯವರಿಗಿಂತ ಜಾಸ್ತಿ ಇತ್ತು.

ಇನ್ನು ಆ ಉಸಿರಾಟದ ಕ್ಲಾಸ್. ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದ್ರೆ ಪೂರ್ತಿ ಒಪ್ಪಲ್ಲ. ಉಸಿರನ್ನ ನಿಧಾನಕ್ಕೆ, ಉದ್ದಕ್ಕೆ ಬಿಟ್ರೆ ಆ ಹೊತ್ತಿನ ಎದೆಬಡಿತ ಸ್ವಲ್ಪ ಇಳಿಯುತ್ತೆ, ಅಲಾರಂ ಹೊಡ್ಕೊಂಡಾಗ ಅದೇ ಕೈಗೆ ಸಿಗೋದು, ಬಿಡ್ಬೇಡಿ. ತಪ್ಪಿರೋದು ಆಸ್ಪತ್ರೆಯವರು ಅಷ್ಟಕ್ಕೇ ಕೈ ತೊಳ್ಕೊಂಡಿದ್ರಲ್ಲಿ. 2020ರಲ್ಲಿ ಅಮೆರಿಕದಲ್ಲಿ 69 ಜನ ಡಾಕ್ಟರು, ನರ್ಸುಗಳನ್ನ ಕೂರ್ಸಿ ನಿಮ್ಮ ಆತಂಕಕ್ಕೆ ಕಾರಣ ಏನು ಅಂತ ಕೇಳಿದ್ರು. ಏನಂದ್ರು ಗೊತ್ತಾ? ಪಿಪಿಇ ಸಿಗುತ್ತಾ, ಸೋಂಕು ಮನೆಗೆ ಒಯ್ದುಬಿಡ್ತೀನಾ, ಟೆಸ್ಟ್ ಬೇಗ ಆಗುತ್ತಾ, ಸ್ಕೂಲ್ ಮುಚ್ಚಿದ್ರೆ ಮಕ್ಕಳನ್ನ ಯಾರು ನೋಡ್ಕೋತಾರೆ, ಗೊತ್ತಿಲ್ಲದ ವಾರ್ಡಿಗೆ ಹಾಕಿದ್ರೆ ನನ್ನ ಕೈಲಾಗುತ್ತಾ, ನಂಗೇ ಬಂದ್ರೆ ಆಸ್ಪತ್ರೆ ನೋಡ್ಕೊಳ್ಳುತ್ತಾ. ಇದ್ರಲ್ಲಿ ಅರ್ಧಕ್ಕರ್ಧ ಪ್ರಶ್ನೆಗೆ ಉತ್ತರ ಇರೋದು ಸ್ಟೋರ್ ರೂಮಲ್ಲಿ, ಡ್ಯೂಟಿ ಲಿಸ್ಟಲ್ಲಿ, ಮೇಲಿನವರ ಟೇಬಲ್ ಮೇಲೆ. ಯಾವ ಪ್ರಾಣಾಯಾಮ ಮಾಡಿದ್ರೆ ಎನ್-95 ಬರುತ್ತೆ ಹೇಳಿ?

ಆದ್ರೆ ಈಗ ನಿಮಗೆ ಆಗ್ತಿರೋದನ್ನ ಮಾತ್ರ ಡಾಕ್ಟರಿಗೆ ತೋರಿಸ್ಲೇಬೇಕು. ಆತಂಕ ಎಷ್ಟಿದೆ ಅಂತ ಅಳೆಯೋಕೆ ಜಿಎಡಿ-7 ಅಂತ ಏಳು ಪ್ರಶ್ನೆ ಇವೆ, ಕಳೆದ ಎರಡು ವಾರ ಹೇಗಿದ್ರಿ ಅಂತ ಕೇಳುತ್ತೆ, 21ಕ್ಕೆ 10 ಅಥವಾ ಜಾಸ್ತಿ ಬಂದ್ರೆ ಸುಮ್ನಿರಬಾರದು. ಕಮ್ಮಿ ಬಂದ್ರೂ ಅಲಾರಂ ವಿಷ್ಯ ಬಿಡಿಸಿ ಹೇಳಿ, ಯಾಕಂದ್ರೆ ಸದ್ದು ಕೇಳಿದ ತಕ್ಷಣ ಹಳೇದೆಲ್ಲ ಕಣ್ಮುಂದೆ ಬರೋದು ಬರೀ ಆತಂಕ ಅಲ್ಲದೇ ಇರಬಹುದು, ಆಘಾತದ ಗುರುತೂ ಆಗಿರಬಹುದು, ಅದರ ಥೆರಪಿಯೇ ಬೇರೆ. ಮಾತ್ರೆ ಕೊಟ್ರೆ ಗುಣ ಕಾಣೋಕೆ ಕೆಲವು ವಾರ ಬೇಕು, ಇದು ನಿಮ್ಗೆ ನಾನು ಹೇಳ್ಬೇಕಾ. ಎಲ್ಲರನ್ನೂ ಒಟ್ಟಿಗೆ ಕೂರ್ಸಿ ಆಗಿದ್ದನ್ನೆಲ್ಲ ಹೇಳಿ ಅಂತ ಒತ್ತಾಯ ಮಾಡಿದ್ರೆ ಬೇಡ ಅನ್ನಿ, ಅಂಥ ಒಂದೇ ದಿನದ ಕಡ್ಡಾಯ ಸೆಷನ್ ಉಪಯೋಗಕ್ಕೆ ಬರಲ್ಲ ಅಂತ ತಜ್ಞರೇ ಹೇಳಿದಾರೆ. ಸ್ವಂತ ಆಸ್ಪತ್ರೇಲಿ ತೋರ್ಸೋಕೆ ಮುಜುಗರ ಆದ್ರೆ ಬೇರೆ ಕಡೆ ಹೋಗಿ. ಸಾಯೋ ಯೋಚನೆ ಏನಾದ್ರೂ ಬಂದ್ರೆ ಮಾತ್ರ ನಾಳೆ ಅನ್ಬೇಡಿ, ಅವತ್ತೇ ಹೋಗಿ.